ಸದಾಶಿವಪ್ಪ ಮೇಷ್ಟರ ಶನಿವಾರದ ನಡಿಗೆ

ಸದಾಶಿವಪ್ಪ ಮೇಷ್ಟರ ಹಾಗೆ ನಡೆಯುವವರನ್ನು ಕೊಳ್ಳೇಗಾಲ ಆಮೇಲೆ ಕಾಣಲಿಲ್ಲ. ಬಿಸಿಲಿರಲಿ ಮೋಡವಿರಲಿ, ಮೊಣಕೈ ಸವೆದ ಕರಿ ಕೋಟು ತೊಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ನೆಲಕ್ಕೆ ನೋವಾದೀತೆಂಬ ದಾಕ್ಷಿಣ್ಯದಲ್ಲಿ ಹೆಜ್ಜೆಯಿಡುತ್ತಿದ್ದ ಆ ದೀರ್ಘಕಾಯರ ಹಿಂದೆ ಪ್ರತಿ ಶನಿವಾರ ಮಧ್ಯಾಹ್ನ ಹೈಸ್ಕೂಲಿನ ಕೊನೆಯ ತರಗತಿಯಾದ ಆರನೆಯ ಫಾರಮ್ಮಿನ ಹುಡುಗರ ಸಾಲು ಬರುತ್ತಿತ್ತು. ಊರಿನವರು ಅದನ್ನು ಮೇಷ್ಟರ ಮೆರವಣಿಗೆಯೆಂದು ಹಾಸ್ಯ ಮಾಡುತ್ತಿದ್ದರು.

ಕೊಳ್ಳೇಗಾಲ ಇನ್ನೂ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲ. ಹೈಸ್ಕೂಲು ಮುಗಿಸಿದವನು ಕೊಯಮತ್ತೂರಿಗೆ ಹೋಗಿ ಏನು ಓದಬೇಕೆಂಬುದನ್ನು ಸೋದರಮಾವನೋ ಪರಿಚಯದ ವಕೀಲರೋ ನಿರ್ಧರಿಸುತ್ತಿದ್ದರು. ಓದುವವನನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಮೇಷ್ಟರೂ ಕೇಳುತ್ತಿರಲಿಲ್ಲ. ಆ ವಯಸ್ಸಿನಲ್ಲಿ ಬಾಯಿ ಅಪ್ಪನ ಮಾತನ್ನೇ ಆಡುತ್ತದೆ, ಕಾಲು ಮಾತ್ರ ಹುಡುಗನದು ಎಂಬುದು ಅವರ ಸಿದ್ಧಾಂತ. ಆದ್ದರಿಂದ ಕೋರ್ಟು, ಆಸ್ಪತ್ರೆ, ಕಮ್ಮಾರಸಾಲೆ, ನೇಕಾರರ ಬೀದಿಯೆಂದು ಸುತ್ತಿಸಿ, ಯಾರ ಕಾಲು ಎಲ್ಲಿ ತಡೆಯಿತೆಂಬುದನ್ನು ಓರೆಗಣ್ಣಿನಲ್ಲಿ ನೋಡಿಟ್ಟುಕೊಂಡು, ಪರೀಕ್ಷೆ ಹತ್ತಿರವಾದಾಗ ಮನೆಗೇ ಹೋಗಿ ತಂದೆಗೆ ತಿಳಿಸುತ್ತಿದ್ದರು. ಅವರ ಮಾತು ಮೀರುವ ಧೈರ್ಯ ಯಾವ ಮನೆಗೂ ಇರಲಿಲ್ಲ.

ರೇಷ್ಮೆ ನೇಯುವ ಚಿಕ್ಕಸಿದ್ದಯ್ಯನ ಮಗ ಗುರುಸ್ವಾಮಿ ತರಗತಿಗೇ ಮೊದಲಿಗ. ಅವನ ಕಾಲು ನೇಕಾರರ ಬೀದಿಯಲ್ಲಲ್ಲದೆ ಬೇರೆಲ್ಲೂ ನಿಲ್ಲದ್ದನ್ನು ಕಂಡು ಮೇಷ್ಟರು ಒಳಗೊಳಗೇ ಹಿಗ್ಗಿದರು. ಮಗನನ್ನು ಮಗ್ಗದಲ್ಲೇ ಕೂರಿಸು, ಕಾಲೇಜಿನ ಗೀಳು ಬಿಡು ಎಂದು ತಂದೆಗೆ ಹೇಳಿಬಂದರು. ಮಗನಾದರೂ ಮಗ್ಗದ ಗುಂಡಿಯಿಂದ ಮೇಲೇಳಲೆಂದು ವರ್ಷಗಟ್ಟಲೆ ಹಂಬಲಿಸಿದ್ದ ಚಿಕ್ಕಸಿದ್ದಯ್ಯ ಮುಖ ಸಣ್ಣದು ಮಾಡಿಕೊಂಡೇ ತಲೆಯಾಡಿಸಿದ.

ಆ ವರ್ಷದ ಕೊನೆಯ ನಡಿಗೆ ಸತ್ತೇಗಾಲದ ಹಾದಿಯಲ್ಲಿ. ಮೇಷ್ಟರ ಕಾಲಿಗೆ ಜಾಲಿಮುಳ್ಳು ಹೊಕ್ಕು, ಹುಡುಗರನ್ನು ಮುಂದೆ ಕಳಿಸಿ ಅವರು ಮರದಡಿ ಕುಳಿತರು. ಮುಳ್ಳು ಕಿತ್ತು ಕುಂಟುತ್ತ ಹೋಗಿ ನೋಡಿದರೆ ಉಳಿದವರೆಲ್ಲ ಮುಂದಿನ ತೋಪು ಸೇರಿದ್ದರು. ಗುರುಸ್ವಾಮಿಯೊಬ್ಬ, ಕಾಲುವೆಗಾಗಿ ನೆಲ ಅಳೆಯುತ್ತಿದ್ದವರ ಸರಪಳಿಯ ತುದಿ ಹಿಡಿದು, ಮೈಮರೆತು ನಿಂತಿದ್ದ. ಹಾಗಾದರೆ ಮಗ್ಗದ ಮುಂದೆ ಯಾಕೆ ನಿಲ್ಲುತ್ತಿದ್ದೆಯೆಂದು ಮೇಷ್ಟರು ಕೇಳಿದರು.

"ನೀವು ನಿಂತ್ಕತಿದ್ರಿ ಸಾ. ನಿಮ್ಮ ದಾಟ್ಕಂಡು ಎಂಗ್ ಓಗದು?"

ಮೇಷ್ಟರು ಆ ನೇಕಾರರ ಬೀದಿಯಲ್ಲೇ ಹುಟ್ಟಿದವರು. ಎಳವೆಯಲ್ಲಿ ಮಗ್ಗದ ಲಾಳಿ ಹಿಡಿದ ಕೈಯನ್ನು ಅವರಪ್ಪ ಬಲವಂತದಿಂದ ಬಿಡಿಸಿ ಸ್ಕೂಲಿಗೆ ಅಟ್ಟಿದ್ದರು. ಓದು ಅನ್ನ ಕೊಟ್ಟಿತು, ಮರ್ಯಾದೆ ಕೊಟ್ಟಿತು; ಆದರೂ ಮಗ್ಗದ ಸದ್ದು ಕೇಳಿದಾಗಲೆಲ್ಲ ಅವರ ಕಾಲು ತಾನಾಗಿ ನಿಲ್ಲುತ್ತಿತ್ತು. ಅದು ಅವರಿಗೇ ತಿಳಿದಿರಲಿಲ್ಲ.

ಅಂದೇ ಸಂಜೆ ಕುಂಟುತ್ತ ಚಿಕ್ಕಸಿದ್ದಯ್ಯನ ಮನೆಗೆ ಹೋದರು.

"ತಪ್ಪಾಯ್ತು ಕಣಪ್ಪ. ನಾನು ನೋಡಿದ್ದು ನಿನ್ ಮಗನ್ ಕಾಲಲ್ಲ, ನಂದು. ಅವನ್ನ ಕೊಯಮತ್ತೂರ್ಗೆ ಕಳ್ಸು."

ಚಿಕ್ಕಸಿದ್ದಯ್ಯ ಮಗ್ಗದಿಂದ ಮೇಲೆದ್ದ.

"ಮಗ್ಗ ಖಾಲಿ ಅದೆ ಮೇಷ್ಟ್ರೇ. ಒಸಿ ಕೂತ್ಕಳಿ."

ಅವರು ಕೂರಲಿಲ್ಲ. ಬಿಗಿದ ರೇಷ್ಮೆಯೆಳೆಗಳ ಮೇಲೆ ಅಂಗೈ ಇಟ್ಟು, ಸೀಮೆಸುಣ್ಣ ಹಿಡಿದು ಒರಟಾದ ಬೆರಳಿಗೆ ಎಳೆ ಸಿಕ್ಕೀತೆಂದು ತಟಕ್ಕನೆ ಹಿಂದೆಗೆದರು.

ಗುರುಸ್ವಾಮಿ ಕೊಯಮತ್ತೂರಿಗೆ ಹೋದ. ಮರುವರ್ಷದಿಂದ ಮೇಷ್ಟರು ಹುಡುಗರನ್ನು ಮುಂದೆ ಬಿಟ್ಟು ತಾವು ಹಿಂದೆ ನಡೆದರು. ಪರರ ಮಕ್ಕಳ ಮನಸ್ಸು ಎತ್ತ ಎಳೆಯುತ್ತದೆಂದು ಇಷ್ಟು ಆಸ್ಥೆಯಿಂದ ಹುಡುಕುವವರು ಬಹುಶಃ ತಮ್ಮ ಮನಸ್ಸನ್ನು ಎಲ್ಲೋ ಬಿಟ್ಟುಬಂದವರೇ ಇರಬೇಕು. ಅವರು ಎಲ್ಲರನ್ನೂ ಅವರವರ ಬಾಗಿಲಿಗೆ ಮುಟ್ಟಿಸುತ್ತಾರೆ; ತಮ್ಮದರ ಮುಂದೆ ಮಾತ್ರ, ಹಿಂದೆ ಯಾರೂ ಬರುತ್ತಿಲ್ಲವೆಂದು ಖಾತ್ರಿಯಾದ ಮೇಲೆ, ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ.