ಮುದುಕನನ್ನು ತೆಗೆದ ದಿನ

ಪ್ರೊಜೆಕ್ಟರಿನ ಬೆಳಕು ತಂಗಿ ಗಂಡನ ಕಿವಿಯ ಮೇಲೆ ಬಿದ್ದಿದೆ, ಕಿವಿ ಕೆಂಪಗಿದೆ, ಭಯಕ್ಕೋ ಖುಷಿಗೋ, ಖುಷಿಗೇ ಇರಬೇಕು, ಇವತ್ತು ಅವನ ದಿನವಲ್ಲವೇ — ಮೇಡಂ, ನಿಮ್ಮ ಹಳೇ ಟೂಲಿಗೆ ಇನ್ನೆಷ್ಟು ಆಯಸ್ಸು ಅಂತ ಮ್ಯಾನೇಜರ್ ಹಲ್ಲು ಕಿರಿಯುತ್ತಾನೆ, ಎಲ್ಲರೂ ನಗುತ್ತಾರೆ, ನಗಲಿ, ಮುದುಕ ಅಂತ ಅದಕ್ಕೆ ಹೆಸರಿಟ್ಟವಳು ನಾನೇ, ಪ್ರೀತಿಯಿಂದ ಇಟ್ಟಿದ್ದು, ಈಗ ಅವರ ಬಾಯಲ್ಲಿ ನನ್ನನ್ನೂ ಸೇರಿಸಿ ಹೇಳಿದ ಹಾಗೆ ಕೇಳುತ್ತದೆ. ನಾನು ಇಲ್ಲಿ ಕೂತು ಗುಂಡಿ ಒತ್ತಿದರೆ ಎಲ್ಲ ಮಹಡಿಗಳ ಕಂಪ್ಯೂಟರುಗಳಿಗೂ ಬೇಕಾದ ಸಾಫ್ಟ್‌ವೇರ್ ಹೋಗಿ ಕೂರುತ್ತದೆ, ಒಂದೊಂದರೊಳಗೂ ಮುದುಕನ ಒಬ್ಬ ಆಳು, ಹೇಳಿದ್ದು ಮಾಡಿ ಆಯ್ತಮ್ಮ ಅಂತ ಪರದೆಯಲ್ಲಿ ಹಸಿರು ಚುಕ್ಕೆ ತೋರಿಸುವ ಆಳು, ಅಷ್ಟು ವಿಧೇಯತೆ ನನ್ನ ಮನೆಯಲ್ಲಿ ಯಾರಿಗಿದೆ — ಮುದುಕನನ್ನು ಮಾಡಿದ ಕಂಪನಿ ಇನ್ನೊಬ್ಬರ ಕೈಗೆ ಹೋಯಿತು, ಮುಂದೇನು ಅಂತ ಕೇಳಿದರೆ ಪರಿಶೀಲಿಸುತ್ತಿದ್ದೇವೆ, ಪರಿಶೀಲಿಸುತ್ತಿದ್ದೇವೆ, ಉಳಿಯದ ರೋಗಿಯ ಮನೆಯವರಿಗೆ ಡಾಕ್ಟರು ಹೇಳುವ ಹಾಗೆ, ಮುದುಕ ಹೋದ ಮೇಲೆ ನನ್ನನ್ನು ಯಾಕೆ ಇಟ್ಟುಕೊಳ್ಳುತ್ತಾರೆ, ನನಗೆ ಗೊತ್ತಿರುವುದು ಅದೊಂದೇ.

ಇವನನ್ನು ಇಲ್ಲಿ ಸೇರಿಸಿದವಳೂ ನಾನೇ, ಅಕ್ಕಾ ಹೇಗಾದ್ರೂ ಇವರಿಗೊಂದು ದಾರಿ ಮಾಡಿಕೊಡೇ ಅಂತ ತಂಗಿ ಅತ್ತಳು, ಕರೆದು ಕೂರಿಸಿದೆ, ಕಲಿಸಿದೆ, ಕಲಿತವನು ಹೊಸ ಟೂಲು ತಂದು ನನ್ನ ಬುಡಕ್ಕೇ ಕೊಡಲಿ ಇಟ್ಟ, ಅದೂ ನಗುನಗುತ್ತಾ. ಈಗ ಪರದೆಯ ಮೇಲೆ ಅವನ ಮೊದಲ ಹೆಜ್ಜೆ, ಎಲ್ಲ ಕಂಪ್ಯೂಟರುಗಳಿಂದ ಮುದುಕನನ್ನು ತೆಗೆಯುವುದು, ಎರಡನೆಯದು ಹೊಸದನ್ನು ಕಳಿಸುವುದು — ಅಯ್ಯೋ ದಡ್ಡ, ಹೊಸದನ್ನು ಹೊತ್ತುಕೊಂಡು ಹೋಗಬೇಕಾದವನೇ ಮುದುಕ, ಅವನನ್ನು ಮೊದಲೇ ಕೊಂದರೆ ಒಳಗಿಂದ ಬಾಗಿಲು ತೆಗೆಯುವವರು ಯಾರು, ಒಂದೊಂದು ಮೇಜಿಗೂ ಹೋಗಿ ಕೈಯಾರೆ ಹಾಕಬೇಕು, ವಾರಗಟ್ಟಲೆ, ಅಷ್ಟರಲ್ಲಿ ಇವನ ಮಾನ ಮೂರಾಬಟ್ಟೆ — ಹೇಳಲೇ? ಮಾತು ನಾಲಿಗೆ ತುದಿಗೆ ಬಂತು, ನುಂಗಿದೆ, ಸಿಹಿಯಾಗಿತ್ತು. ಅಕ್ಕಾ, ಎಲ್ಲ ಸರಿ ಇದೆ ಅಲ್ವಾ, ಒತ್ತಲಾ? ನನ್ನ ಕಡೆಗೇ ತಿರುಗಿ ಕೇಳುತ್ತಾನೆ, ಊಟಕ್ಕೆ ಕೂತವನು ಇನ್ನೊಂದು ತುತ್ತು ಹಾಕಿಸಿಕೊಳ್ಳುವ ಮುಖ. ಒತ್ತಪ್ಪ, ಅದಕ್ಕೇನು.

ಒತ್ತಿದ. ಹಸಿರು ಚುಕ್ಕೆ ಒಂದು ಬೂದು, ಇನ್ನೊಂದು ಬೂದು, ಸಾಲಿಗೆ ಸಾಲೇ ಬೂದು, ಚಪ್ಪಾಳೆ ಬಿತ್ತು, ಹೊಸದನ್ನು ಕಳಿಸಿ ನೋಡೋಣ ಅಂದ ಮ್ಯಾನೇಜರ್, ಕಳಿಸಿದ, ಏನೂ ಇಲ್ಲ, ಮತ್ತೆ ಕಳಿಸಿದ, ಏನೂ ಇಲ್ಲ, ಅವನ ಕುತ್ತಿಗೆಯಲ್ಲಿ ಬೆವರು, ನನ್ನ ಹೊಟ್ಟೆಯಲ್ಲಿ ತಂಪು, ಆಹಾ ತಂಪು — ಮ್ಯಾನೇಜರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ, ಅವನ ಕಡೆ ತಿರುಗಿದ, ಏನ್ರೀ ಇದು, ನಿನ್ನೆ ಇದೇ ರೂಮಲ್ಲಿ ಕೂತು ಏನಂದ್ರಿ ನೀವು, ಅಕ್ಕನ್ನ ತೆಗೆದ್ರೆ ನಾನೂ ಇರಲ್ಲ, ನಾನು ಎಡವಿದ ಕಡೆಯಲ್ಲೆಲ್ಲ ಅವರು ಕೈ ಹಿಡೀತಾರೆ ಅಂದ್ರಲ್ಲ, ಆ ಒಂದು ಮಾತಿಗೆ ಅವರನ್ನ ಉಳಿಸಿಕೊಂಡೆ, ಎಲ್ಲಿ ಹಿಡಿದ್ರು? ಸಾಕು, ನಾಳೆಯಿಂದ ಇಬ್ರೂ ಬರೋದು ಬೇಡ, ಹೊರಗಿನವರನ್ನ ಕರೆಸ್ತೀನಿ. ಉಳಿಸಿಕೊಂಡೆ ಅಂದನೇ, ಯಾರು, ಇವನೇ, ಇವನು ನನ್ನ ಪರವಾಗಿ — ಮನೆಯಲ್ಲಿ ಒಂದು ಮಾತು ಹೇಳಬಾರದಿತ್ತೇ ದರಿದ್ರದವನೇ — ತಂಗಿ ಮಧ್ಯಾಹ್ನ ಫೋನ್ ಮಾಡುತ್ತಾಳೆ, ಅಕ್ಕಾ ಹೇಗಾಯ್ತೇ ಇವರದ್ದು — ಅವನು ಮ್ಯಾನೇಜರನ್ನು ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾನೆ, ನಿಂಗೆ ಗೊತ್ತಿತ್ತಾ ಅಕ್ಕ, ಬಹಳ ಮೆಲ್ಲಗೆ, ಪರದೆಯ ಮೂಲೆಯಲ್ಲಿ ಉಳಿದಿರುವುದು ಒಂದೇ ಚುಕ್ಕೆ, ನನ್ನ ಮೇಜಿನ ಕಂಪ್ಯೂಟರಿನದು, ಹಸಿರು, ಹಸಿರು, ಗೊತ್ತಿತ್ತಾ ಅಕ್ಕ, ಬೂದು.