ಸರದಿಯಲ್ಲಿ ಮೊದಲನೆಯ ಪತ್ರ

ಜಿಂಕೆ ಬೇಟೆಯ ಹಂಗಾಮು ಶುರುವಾದರೆ ಸರೋವರದ ದಡದ ಅಗೇಟ್ ಕೋವ್ ಊರಿನಲ್ಲಿ ಗಂಡಸರ ಸುಳಿವೇ ಇರುವುದಿಲ್ಲ. ಎಲ್ಲರೂ ಕ್ಯಾಂಪು ಎಂದು ಕರೆಯುವ ಕಾಡಿನ ಬೇಟೆಮನೆಗಳನ್ನು ಸೇರಿ, ಒಂದು ಜಿಂಕೆ ಹೊಡೆದು ಹತ್ತು ಜಿಂಕೆಯ ಕಥೆ ಹೇಳುತ್ತ ಕೂತಿರುತ್ತಾರೆ. ಊರಿನ ಮೇಲ್ ಸರ್ವರ್ ಬದಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗದು ಎಂದು ಆರ್ಡಿಸ್ ಮಾಕಿ ಲೆಕ್ಕ ಹಾಕಿದಳು. ಲೈಬ್ರರಿಯ ನೆಲಮಾಳಿಗೆಯಲ್ಲಿದ್ದ ಹಳೆಯ ಯಂತ್ರ ಇಡೀ ಊರಿನ ಇ-ಮೇಲ್ ಹೊತ್ತು ಹೊತ್ತು ಸುಸ್ತಾಗಿ, ಅದರ ಡಿಸ್ಕು ಕಟಕಟ ಅನ್ನತೊಡಗಿತ್ತು. ಐವತ್ತು ದಾಟಿದ ಆರ್ಡಿಸ್ ಅಲ್ಲಿನ ಲೈಬ್ರರಿಯನ್. ಬೇರೆ ಯಾರೂ ಒಪ್ಪದ್ದರಿಂದ ಯಂತ್ರದ ಉಸಾಬರಿಯೂ ಅವಳ ತಲೆಗೇ ಬಂದಿತ್ತು.

ಹೊಸ ಯಂತ್ರಕ್ಕೆ ಲಿನಕ್ಸ್ ತಂತ್ರಾಂಶ ಹಾಕಿದಳು. ಊರವರ ಹೆಸರು, ಪಾಸ್‌ವರ್ಡುಗಳನ್ನೆಲ್ಲ ಡೇಟಾಬೇಸಿಗೆ ತುಂಬಿದಳು. ಪತ್ರ ಬಂದಾಗ ಮೇಲ್ ಸರ್ವರ್ ಡೇಟಾಬೇಸನ್ನು, 'ಇಂಥವರು ಇಲ್ಲಿದ್ದಾರಾ?' ಎಂದು ಕೇಳಬೇಕು, ಇದ್ದಾರೆ ಅಂದರೆ ಒಳಗೆ ಬಿಟ್ಟುಕೊಳ್ಳಬೇಕು. ಆದರೆ ಎಲ್ಲಕ್ಕಿಂತ ಮೊದಲು ಅವಳು ಒಂದು ಆಜ್ಞೆ ಬರೆದಿಟ್ಟಳು: ಊರಿನಿಂದ ಹೊರಗೆ ಹೋಗುವ ಪತ್ರಗಳನ್ನೆಲ್ಲ ಸದ್ಯಕ್ಕೆ ತಡೆದಿಡು. ಹಿಂದೊಮ್ಮೆ ಯಂತ್ರ ಬದಲಿಸಿದ ಮಹಾಶಯ ಇದನ್ನು ಮಾಡದೆ, ಹಳೆಯ ಪತ್ರಗಳೆಲ್ಲ ಮತ್ತೊಮ್ಮೆ ಹೊರಟು, ಎಂದೋ ಮುಗಿದಿದ್ದ ಚರ್ಚಿನ ಮೀನೂಟಕ್ಕೆ ಸುತ್ತಲಿನ ಊರುಗಳವರು ಹಸಿದುಕೊಂಡು ಬಂದಿದ್ದರು. ಆ ನಗೆಪಾಟಲು ತನಗೆ ಬೇಡವೆಂದು ಆರ್ಡಿಸ್ ಎಚ್ಚರ ವಹಿಸಿದಳು. 'ಪರೀಕ್ಷೆ ಮುಗಿದ ಮೇಲೆ ತೆಗೆಯಬೇಕು' ಎಂದು ಆಜ್ಞೆಯ ಪಕ್ಕದಲ್ಲೇ ತನಗೆ ತಾನೇ ಬರೆದುಕೊಂಡಳು.

ತೆಗೆದೇ ತೆಗೆಯುತ್ತಿದ್ದಳು. ಆದರೆ ಅವತ್ತು ಬೆಳಗ್ಗೆ ಮೇಲ್ ಸರ್ವರ್‌ಗೆ ಡೇಟಾಬೇಸೇ ಕಾಣದಾಯಿತು. ಒಂದೇ ಪೆಟ್ಟಿಗೆಯೊಳಗಿದ್ದೂ ಮುನಿಸಿಕೊಂಡ ಅಣ್ಣತಮ್ಮಂದಿರ ಹಾಗೆ ಎರಡೂ ಮಾತು ಬಿಟ್ಟು ಕೂತವು. ಡೇಟಾಬೇಸಿನ ವಿಳಾಸವನ್ನು ಅವಳು ಹೆಸರಿನಲ್ಲಿ ಕೊಟ್ಟಿದ್ದಳು, ಅಂಕಿಗಳಲ್ಲಿ ಕೊಡಬೇಕಿತ್ತು. ಅಷ್ಟು ಸಣ್ಣದನ್ನು ಹುಡುಕುವಷ್ಟರಲ್ಲಿ ದಿನವೆಲ್ಲ ಕಳೆದು, ತಲೆ ಕೆಟ್ಟು ಹೋಯಿತು. ಸಂಜೆ ತನಗೊಂದು, ಚರ್ಚಿಗೊಂದು ಪತ್ರ ಕಳಿಸಿ ನೋಡಿದಳು. ಎರಡೂ ಥಟ್ಟನೆ ತಲುಪಿದವು. ಎರಡೂ ಊರೊಳಗಿನ ವಿಳಾಸಗಳು ಎಂಬುದು ಆ ಖುಷಿಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ. ಮನೆಗೆ ಹೋಗಿ, ಸೌನಾದ ಹಬೆಕೋಣೆ ಕಾಯಿಸಿ, ಮೈತುಂಬ ಬೆವರಿ ಮಲಗಿದಳು.

ಮಾರನೆಯ ಬೆಳಗ್ಗೆ ಬಾಗಿಲು ತೆಗೆಯುವುದಕ್ಕೇ ಕಾದಿದ್ದವನಂತೆ ರೇನೊ ಲಹ್ತಿ ಬಂದ. ಒಂದು ಕಾಲದಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದವನು. ಆರ್ಡಿಸ್ ಅದೇ ಬಸ್ಸಿನಲ್ಲಿ ಓದಲು ಹೋದವಳಾದ್ದರಿಂದ ಅವನಿಗೆ ಅವಳಿನ್ನೂ ಹುಡುಗಿಯೇ.

"ಏನ್ ಹುಡುಗಿ, ನಿನ್ನ ಡಬ್ಬ ಓಡುತ್ತಾ?"

"ನಿಮ್ಮ ಬಸ್ಸಿಗಿಂತ ಚೆನ್ನಾಗೇ ಓಡುತ್ತೆ. ಯಾಕೆ, ನೀವು ಕ್ಯಾಂಪಿಗೆ ಹೋಗ್ಲಿಲ್ವಾ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ರೇನೊನ ಅಪ್ಪ ಕಟ್ಟಿದ ಕ್ಯಾಂಪಿನಲ್ಲಿ ಅರ್ಧ ಪಾಲು ತಮ್ಮ ಒನ್ನಿಯದಾಗಿತ್ತು. ಒನ್ನಿ ಮದುವೆಯಾಗಿ ಸರೋವರದಾಚೆಯ ಥಂಡರ್ ಬೇ ಊರಿಗೆ ಹೋಗುವಾಗ ಆ ಪಾಲನ್ನು ದಕ್ಷಿಣದ ದೊಡ್ಡ ಸೇತುವೆ ದಾಟಿ ಬಂದ ಯಾರೋ ಒಬ್ಬ ಹೊರಗಿನವನಿಗೆ ಮಾರಿಬಿಟ್ಟಿದ್ದ. ಅಂದಿನಿಂದ ಅಣ್ಣ ತಮ್ಮನ ಜೊತೆ ಮಾತಾಡಿರಲಿಲ್ಲ. ಇಪ್ಪತ್ತು ವರ್ಷ.

"ಒನ್ನಿಗೆ ಹುಷಾರಿಲ್ವಂತೆ," ಅಂದ ರೇನೊ, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ. "ಗಂಟಲಿಗೆ ನಳಿಗೆ ಹಾಕಿದ್ದಾರಂತೆ. ಮಾತಿಲ್ಲ. ಅವನ ಹೆಂಡ್ತಿ ಬೆರಿಲ್ ಬರೆದಿದ್ಲು, ಒಂದು ಮಾತು ಬರೀರಿ, ಓದಿ ಹೇಳ್ತೀನಿ ಅಂತ."

"ಫೋನ್ ಮಾಡ್ಬಿಡಿ. ಕಿವಿ ಹತ್ರ ಹಿಡೀತಾಳೆ."

"ಫೋನಲ್ಲಿ ನಾನು ಮಾತು ಸಿಗದೆ ಸುಮ್ನಿದ್ರೆ ಅದೂ ಅವನಿಗೆ ಕೇಳಿಸ್ಬಿಡುತ್ತೆ ಕಣೇ."

ಒಂದೇ ಬೆರಳಿನಲ್ಲಿ, ಒಂದೊಂದು ಅಕ್ಷರ ಹುಡುಕುತ್ತ, ಮಧ್ಯಾಹ್ನದವರೆಗೆ ಬರೆದ. ಬರೆದದ್ದು ಇಷ್ಟೇ: 'ಒನ್ನಿ, ಕ್ಯಾಂಪಿನ ಒಲೆ ಇವತ್ತಿಗೂ ಹೊಗೆ ಬಿಡುತ್ತೆ. ಅಪ್ಪ ಕಟ್ಟಿದ್ದೇ ಹಾಗೆ. ಆದದ್ದು ಆಯ್ತು, ನನ್ನ ಮನಸ್ಸಲ್ಲಿ ಏನೂ ಇಲ್ಲ. ರೇನೊ.' ಗುಂಡಿ ಒತ್ತಿದ. ಪರದೆಯ ಮೇಲೆ 'ಕಳಿಸಲಾಗಿದೆ' ಎಂದು ಬಂತು.

"ತಲುಪಿತಾ?"

"ನೀವು ಟೋಪಿ ಹಾಕ್ಕೊಳ್ಳೋದರೊಳಗೆ ತಲುಪಿರುತ್ತೆ," ಅಂದಳು ಆರ್ಡಿಸ್.

ಅಂದಿನಿಂದ ಅವನು ದಿನವೂ ಬಂದ. ಕೋಣೆ ಬೆಚ್ಚಗಿಡುವ ಕಾವಿನ ಕೊಳವೆಯ ಪಕ್ಕದ ಕುರ್ಚಿಯಲ್ಲಿ ಕೂತು, ಕಾಫಿಗೆ ನೀಸು ಎಂಬ ಏಲಕ್ಕಿಯ ಸಿಹಿ ಬ್ರೆಡ್ಡು ಅದ್ದಿ ತಿಂದು, ಕೊನೆಗೆ ಏನೂ ಆಸೆಯಿಲ್ಲದವನ ಹಾಗೆ, "ಏನಾದ್ರೂ ಬಂತಾ?" ಎಂದು ಕೇಳುತ್ತಿದ್ದ. ಆರ್ಡಿಸ್ ನೋಡುತ್ತಿದ್ದಳು. ಹೊರಗಿನ ಪತ್ರಗಳು ಬರುತ್ತಿದ್ದವು, ಊರೊಳಗಿನವು ಓಡಾಡುತ್ತಿದ್ದವು. ಹೊರಗೆ ಬರೆಯುವವರೆಲ್ಲ ಕಾಡಿನಲ್ಲಿದ್ದರು, ದೂರು ಹೇಳುವವರು ಯಾರಿದ್ದಾರೆ?

"ಇಲ್ಲ ರೇನೊ. ಇನ್ನೊಂದ್ಸಲ ಬರೆದು ನೋಡ್ತೀರಾ?"

"ಬೇಡ. ಓದಿರ್ತಾನೆ. ಉತ್ತರ ಕೊಡೋದು ಬಿಡೋದು ಅವನಿಷ್ಟ," ಅನ್ನುತ್ತಿದ್ದ. ಒಂದೊಂದು ದಿನಕ್ಕೂ ಅವನ ಭುಜ ಕುಗ್ಗುವುದು ಅವಳಿಗೆ ಕಾಣುತ್ತಿತ್ತು. ಎಂಥ ಕಲ್ಲೆದೆಯ ತಮ್ಮನಪ್ಪಾ ಎಂದು ಕಂಡು ಇಪ್ಪತ್ತು ವರ್ಷವಾಗಿದ್ದ ಒನ್ನಿಯನ್ನು ಒಳಗೊಳಗೇ ಬೈದೂ ಬೈದಳು.

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲಿನ ಸೋಮವಾರ ಲೈಬ್ರರಿಯ ಫೋನ್ ಹೊಡೆದುಕೊಂಡಿತು. ಬೆರಿಲ್.

"ರೇನೊ ಮನೆಯಲ್ಲಿ ಯಾರೂ ಎತ್ತಲಿಲ್ಲ. ಅವರು ಮೇಲ್ ನೋಡೋಕೆ ಅಲ್ಲಿಗೆ ಬರ್ತಾರೆ ಅಂತ ಗೊತ್ತಿತ್ತು. ಹೇಳಿಬಿಡಿ, ಒನ್ನಿ ನಿನ್ನೆ ಹೋಗಿಬಿಟ್ಟ. ದಿನಾ ಅವನ ಮಂಚದ ಹತ್ರ ಕೂತು ಮೇಲ್ ತೆಗೀತಿದ್ದೆ. ಬಾಯಿಲ್ಲ, ಕಣ್ಣಲ್ಲೇ ಕೇಳ್ತಿದ್ದ. ಇಲ್ಲ, ಇನ್ನೂ ಬಂದಿಲ್ಲ ಅಂತಿದ್ದೆ. ಒಂದು ಸಾಲು ಬರೆಯೋಕೂ ಆಗ್ಲಿಲ್ವಾ ಅವರಿಗೆ?"

ಆರ್ಡಿಸ್‌ಗೆ ಆ ತಡೆಯ ಆಜ್ಞೆ ನೆನಪಾಯಿತು. ಫೋನಿಟ್ಟವಳೇ ನೆಲಮಾಳಿಗೆಗೆ ಇಳಿದಳು. ಹೊರಗೆ ಹೋಗಬೇಕಾದ ಪತ್ರಗಳ ಸರದಿಯನ್ನು ತೋರಿಸು ಎಂದು ಯಂತ್ರಕ್ಕೆ ಹೇಳಿದಳು. ಒಂದರ ಕೆಳಗೊಂದು ಹೆಸರು ಮೂಡಿದವು, ಪ್ರತಿಯೊಂದರ ಮುಂದೆಯೂ ತಡೆದಿಟ್ಟ ಗುರುತು. ಲೈಬ್ರರಿ ತರಿಸಬೇಕಿದ್ದ ಪುಸ್ತಕಗಳು, ಚರ್ಚಿನವರ ಶುಭಾಶಯ. ಎಲ್ಲಕ್ಕೂ ಮೇಲೆ, ಎಲ್ಲಕ್ಕಿಂತ ಮೊದಲು, ರೇನೊ ಲಹ್ತಿ. ಯಂತ್ರ ಹೇಳಿದಷ್ಟನ್ನು ಚಾಚೂ ತಪ್ಪದೆ ಮಾಡಿತ್ತು.

ಬೀಗದ ಕೈ ಇದ್ದದ್ದು ಅವಳೊಬ್ಬಳ ಹತ್ತಿರ. ಆ ಒಂದು ಪತ್ರವನ್ನು ಅಳಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಂತು, ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಮೇಲೆ ಬಾಗಿಲ ಗಂಟೆ ಸದ್ದಾಯಿತು. ರೇನೊ ಬೂಟಿನ ಹಿಮ ಕೊಡವುತ್ತಿದ್ದ. ಆರ್ಡಿಸ್ ಮೆಟ್ಟಿಲು ಹತ್ತಿ ಹೋಗಿ, ಕಾಫಿಯನ್ನೂ ಕೊಡದೆ, ಎರಡನ್ನೂ ಹೇಳಿದಳು. ಮೊದಲು ಸಾವು. ಆಮೇಲೆ ತನ್ನ ತಪ್ಪು.

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. ಬೂಟಿನಿಂದ ಕರಗಿದ ನೀರು ನೆಲದ ಮೇಲೆ ಹರಡುತ್ತಿತ್ತು.

"ಹಾಗಾದ್ರೆ ಅವನು ಓದ್ಲೇ ಇಲ್ಲ."

"ಇಲ್ಲ. ಬೈಯಿರಿ ರೇನೊ. ಏನಾದ್ರೂ ಅನ್ನಿ. ನಾನು ತಡೆದಿಟ್ಟು ಮರೆತೆ."

"ನೀನು ಎಷ್ಟು ದಿನ ತಡೆದೆ?"

"ಹತ್ತು ದಿನದ ಮೇಲಾಯ್ತು."

"ನಾನು ಇಪ್ಪತ್ತು ವರ್ಷ ತಡೆದಿದ್ದೆ," ಅಂದ ರೇನೊ. "ಮರೆತೂ ಅಲ್ಲ."

ಆರ್ಡಿಸ್ ಅತ್ತುಬಿಟ್ಟಳು. ಅವನು ಅಳಲಿಲ್ಲ. ಅಳುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಆ ಪತ್ರನ ಈಗ ತಿದ್ದೋಕೆ ಆಗುತ್ತಾ?" ರೇನೊ ಕೇಳಿದ.

"ಆಗಲ್ಲ. ಬರೆದದ್ದು ಹಾಗೇ ಹೋಗುತ್ತೆ."

"ಹಾಗೇ ಬಿಡು. ಬೆರಿಲ್ ಓದಲಿ. ನಾನು ಬರೆದೇ ಇಲ್ಲ ಅಂತ ಅಂದ್ಕೊಂಡಿದ್ದಾಳಲ್ಲ."

ಇಬ್ಬರೂ ಕೆಳಗಿಳಿದರು. ಅವಳು ತಡೆ ತೆಗೆದಳು. ಪರದೆಯ ಮೇಲಿನ ಮೊದಲ ಹೆಸರು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಯಿತು.

"ಇಷ್ಟೇನಾ?"

"ಇಷ್ಟೇ."

ಬಾಗಿಲ ಹತ್ತಿರ ಅವನು ಟೋಪಿ ಹಾಕಿಕೊಂಡ. "ನಾಳೆಯಿಂದ ಬರಲ್ಲ ಹುಡುಗಿ. ಬಂದ್ರೆ ಅಭ್ಯಾಸಕ್ಕೆ ಮತ್ತೆ ಕೇಳಿಬಿಡ್ತೀನಿ."

ಹೇಳಿದಂತೆ ಮರುದಿನ ಅವನು ಬರಲಿಲ್ಲ. ಆರ್ಡಿಸ್ ಒಬ್ಬಳ ಪಾಲಿಗೆ ಕಾಫಿ ಇಳಿಸಿ, ಖಾಲಿ ಕುರ್ಚಿಯನ್ನು ಗೋಡೆಗೆ ಸರಿಸಿದಳು. ಆಮೇಲೆ, ಒನ್ನಿಯಿಂದ ಇನ್ನು ಬರುವುದು ಏನೂ ಇಲ್ಲವೆಂದು ಗೊತ್ತಿದ್ದೂ, ರೇನೊಗೆ ಏನಾದರೂ ಬಂದಿದೆಯೇ ಎಂದು ತಾನೇ ನೋಡಿದಳು.