ಶ್ರುತಿ ಇಳಿಸಿದ ದಿನ

ಚಿಕ್ಕಬಳ್ಳಾಪುರದ ಹೊಸ ಕಲಾಮಂದಿರದ ಉದ್ಘಾಟನೆಗೆ ಇನ್ನೇನು ಸ್ವಲ್ಪ ಹೊತ್ತಿತ್ತು. ಸಂಗೀತ ಶಿಕ್ಷಕಿ ಪಂಕಜ ವೇದಿಕೆಯ ಮೇಲೆ ಶ್ರುತಿಪೆಟ್ಟಿಗೆಯ ಶ್ರುತಿ ಇಳಿಸಿದರು. ಮುಂದೆ ಕೂತಿದ್ದ ಇನ್ನೊಬ್ಬ ಶಿಷ್ಯೆ ಶ್ರೀವಲ್ಲಿಗೆ ಮೇಲಿನ ಸ್ವರಗಳು ಎಟುಕುತ್ತಿರಲಿಲ್ಲ. ಆ ಜಾಗದಲ್ಲಿ ಕೂತು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದವಳು ತನುಜ.

ಮಂಡಿಕಲ್ಲಿನ ತನುಜ ಬ್ಯಾಂಕ್ ಉದ್ಯೋಗಿ, ಪಂಕಜರ ಅಚ್ಚುಮೆಚ್ಚಿನ ಶಿಷ್ಯೆ. ಹೋದ ವಾರ ಕಲಾಮಂದಿರ ಸಮಿತಿಯ ಕೇಶವ್ ಬಂದು ದನಿ ತಗ್ಗಿಸಿದ್ದರು.

"ಹುಡುಗಿ ಚೆನ್ನಾಗೇ ಹಾಡ್ತಾಳೆ ಮೇಡಂ, ನಾನು ಇಲ್ಲ ಅನ್ನಲ್ಲ. ಆದ್ರೆ ಮೊದಲನೇ ದಿನ, ದೇವರ ಕೃತಿ. ತಮಟೆ ಆವುಲಪ್ಪನ ಮೊಮ್ಮಗಳನ್ನ ಮುಂದೆ ಕೂರಿಸಿದ್ರೆ ದೊಡ್ಡವರು ಮುಖ ಸಿಂಡರಿಸ್ತಾರೆ. ಹಿಂದೆ ಕೋರಸ್‌ನಲ್ಲಿ ಇರ್ಲಿ ಬಿಡಿ."

"ಅವಳಷ್ಟು ಚೆನ್ನಾಗಿ ಯಾರೂ ಹಾಡಲ್ಲ."

"ನಂಗೂ ಗೊತ್ತು. ಮುಂದಿನ ಸಲ ನೋಡೋಣ."

ಪಂಕಜ ಒಪ್ಪಿಬಿಟ್ಟರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರ ಮನೆಯಲ್ಲಿ ಕೊನೆಗೆ ಹಾವೇ ಉಳಿಯುತ್ತದೆ. ತನುಜ ಏನೂ ಕೇಳದೆ ಹಿಂದಿನ ಸಾಲಿಗೆ ಹೋಗಿ ಕೂತಿದ್ದಳು.

ಈಗ ಕೊನೆಯ ಅಭ್ಯಾಸ ಕೇಳಲು, ಆ ಕೃತಿ ರಚಿಸಿದ ಹೆಸರಾಂತ ವಾಗ್ಗೇಯಕಾರ ಚಲಪತಿಯವರೇ ಬಂದು ಎದುರು ಕೂತರು. ಪಲ್ಲವಿ ಮುಗಿಯುವಷ್ಟರಲ್ಲಿ ಕೈಯೆತ್ತಿ ನಿಲ್ಲಿಸಿದರು.

"ಇಷ್ಟು ಕೆಳಗೆ ಯಾಕಮ್ಮ? ಫೋನಲ್ಲಿ ಕೇಳಿಸಿದ್ರಲ್ಲ, ಆ ಹುಡುಗಿ ಎಲ್ಲಿ?"

"ಅವಳಿಗೆ... ಗಂಟಲು ಸರಿಯಿಲ್ಲ ಸಾರ್."

ಹಿಂದಿನ ಸಾಲಿನಿಂದ ತನುಜ ಎದ್ದಳು. ಮೆಟ್ಟಿಲಿಳಿದು ಹೊರನಡೆದಳು. ಪಂಕಜ ಬಾಗಿಲವರೆಗೂ ಓಡಿದರು.

"ಬಾರಮ್ಮ, ನೀನೇ ಹಾಡು. ಯಾರು ಏನಂದ್ರೂ ನಾನು ನೋಡ್ಕೋತೀನಿ."

"ಹಿಂದೆ ಕೂತಾದ್ರೂ ಹಾಡ್ತಿದ್ದೆ ಮೇಡಂ, ಆದ್ರೆ ನೀವೇ ಸುಳ್ಳು ಹೇಳಿದ್ರಲ್ಲ. ನಮ್ಮ ತಾತ ಇಂಥ ಬಾಗಿಲುಗಳ ಹೊರಗೇ ನಿಂತು ಬಾರಿಸ್ತಿದ್ರು. ನಮ್ಮ ಮೇಡಂ ನನ್ನ ಒಳಗೆ ಕರ್ಕೊಂಡು ಹೋದ್ರು ಅಂತ ಮನೇಲಿ ಹೇಳ್ಕೊಂಡಿದ್ದೆ. ಈಗ ಏನು ಹೇಳ್ಲಿ?" ಅವಳ ಕಣ್ಣು ತುಂಬಿತ್ತು. "ಇವತ್ತು ನನ್ನ ಕೈಲಾಗಲ್ಲ."

ಅವಳ ಸ್ಕೂಟರ್ ಗೇಟು ದಾಟಿತು. ಪಂಕಜ ವಾಪಸು ಬಂದು, ಕೇಶವ್ ಎದುರಿಗೇ ಚಲಪತಿಯವರಿಗೆ ಹೇಳಿದರು:

"ಸುಳ್ಳು ಹೇಳಿದೆ ಸಾರ್. ಅವಳ ಗಂಟಲು ಚೆನ್ನಾಗಿದೆ. ಅವಳ ಜಾತಿ ನೋಡಿ ನಾನೇ ಹಿಂದೆ ಕೂರಿಸಿದೆ."

ಕೇಶವ್ ತಲೆ ತಗ್ಗಿಸಿದರು. ಚಲಪತಿ ಎದ್ದು ನಿಂತರು.

"ಹಾಗಾದ್ರೆ ನನ್ನ ಹಾಡು ಇವತ್ತು ಬೇಡಮ್ಮ."

ದೀಪ ಬೆಳಗಿತು, ಭಾಷಣಗಳಾದವು. ಹಾಡಿನ ಸರದಿ ಬಂದಾಗ ಪಂಕಜ ಶ್ರುತಿಯನ್ನು ತನುಜಳ ಎತ್ತರಕ್ಕೆ ಮತ್ತೆ ಏರಿಸಿ, ಪೆಟ್ಟಿಗೆಯನ್ನು ಮುಂದಿನ ಖಾಲಿ ಜಾಗದಲ್ಲಿಟ್ಟರು.

"ಇಲ್ಲಿ ಕೂತು ಹಾಡಬೇಕಿದ್ದವರು ಮಂಡಿಕಲ್ಲಿನ ತನುಜ," ಎಂದರು ಮೈಕಿನಲ್ಲಿ. "ನಾನು ಮಾಡಿದ ತಪ್ಪಿನಿಂದ ಅವರು ಹೊರಟುಹೋದರು."

ತುಂಬಿದ ಸಭೆಯಲ್ಲಿ ಶ್ರುತಿಯೊಂದೇ ಕೇಳಿಸುತ್ತಿತ್ತು.